ಊರಲ್ಲೊಂದು ಸಂಘ ನಡೆಸೋರಿಗೆ: ಆ ಏಳು ಜನ ಯಾರಿರ್ಬೇಕು, ಬೀರು ಕೀ ಯಾರ ಹತ್ರ ಇರ್ಬೇಕು

ನಮ್ಮ ಸಂಘದ ಹಿಂದಿನ ಕಾರ್ಯದರ್ಶಿ ಅಣ್ಣಂಗೆ ಒಂದಿನ ಬೆಳಗ್ಗೆ ಸ್ಟ್ರೋಕ್ ಆಯ್ತು. ದಾವಣಗೆರೆಗೆ ಕರ್ಕೊಂಡೋದ್ವಿ, ಜೀವ ಉಳೀತು, ಆದ್ರೆ ಮಾತು ಹೋಯ್ತು, ಬಲಗೈ ಎತ್ತೋಕೆ ಆಗ್ತಿರ್ಲಿಲ್ಲ. ಹದಿನೈದು ದಿನ ಎಲ್ಲಾರೂ ಆಸ್ಪತ್ರೆ ಓಡಾಟದಲ್ಲೇ ಇದ್ವಿ, ಆಮೇಲೆ ಸಂಘದ ಕೆಲ್ಸಕ್ಕೆ ಕೂತಾಗ ಗೊತ್ತಾಗಿದ್ದು ಬ್ಯಾಂಕ್ ಓಟಿಪಿ ಬರೋದು ಅವ್ನ ಫೋನಿಗೆ, ಫೋನ್ ಲಾಕ್ ಮನೆಯವ್ರಿಗೂ ಗೊತ್ತಿಲ್ಲ, ಇನ್ಕಮ್ ಟ್ಯಾಕ್ಸ್ ಪೋರ್ಟಲ್ ಪಾಸ್‌ವರ್ಡ್ ಅವ್ನ ತಲೇಲಿದೆ, ಕಾಲೋನಿ ಸ್ಮಶಾನದ ಜಾಗದ ವಿಚಾರವಾಗಿ ತಹಶೀಲ್ದಾರ್ ಆಫೀಸಲ್ಲಿ ಸೀಲ್ ಹಾಕಿಸ್ಕೊಂಡಿದ್ದ ಅರ್ಜಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ಅದು ಅವ್ನ ಸ್ಕೂಟರ್ ಡಿಕ್ಕಿಲಿ ಸಿಕ್ತು, ಮಳೆನೀರು ಇಳ್ದು ಸೀಲು ಅರ್ಧ ಅಳ್ಸೋಗಿತ್ತು. ಸಂಜೆ ಪಾಠ ಹೇಳ್ಕೊಡ್ತಿದ್ದ ಇಬ್ರು ಹೆಣ್ಮಕ್ಕಳಿಗೆ ಮೂರು ತಿಂಗ್ಳು ಸಂಬಳ ಕೊಡೋಕಾಗ್ಲಿಲ್ಲ, ಖಾತೇಲಿ ದುಡ್ಡಿತ್ತು, ತೆಗೆಯೋಕೆ ದಾರಿ ಇರ್ಲಿಲ್ಲ.

ಅಣ್ಣನಷ್ಟು ಪ್ರಾಮಾಣಿಕ ಮನುಷ್ಯನ್ನ ನಾನು ನೋಡಿಲ್ಲ. ಇಪ್ಪತ್ತು ವರ್ಷ ಒಂದು ರೂಪಾಯಿ ಆಚೀಚೆ ಮಾಡ್ಲಿಲ್ಲ. ಆದ್ರೆ ಎಲ್ಲಾನೂ ತಾನೊಬ್ನೇ ಹೊತ್ಕೊಂಡಿದ್ದ, ನಾವೂ ಹೊತ್ಕೊಳ್ಳಲಿ ಅಂತ ಬಿಟ್ಟಿದ್ವಿ. ಆಮೇಲೆ ಒಂಬತ್ತು ವರ್ಷ ನಾನು ಕಾರ್ಯದರ್ಶಿ ಆಗಿದ್ದೆ, ಹೋದ ವರ್ಷ ಬಿಟ್ಕೊಟ್ಟೆ. ದಲಿತರ ಕೇರಿ, ಪೌರಕಾರ್ಮಿಕರು, ವಿಧವಾ ವೇತನಕ್ಕೆ ಅಲೆಯೋ ಅವ್ವಂದಿರು, ಇಂಥವ್ರ ಜೊತೆ ಕೆಲ್ಸ ಮಾಡೋ ತಾಲ್ಲೂಕು ಮಟ್ಟದ ಸಣ್ಣ ಸಂಘ ನಡೆಸ್ತಿರೋರು, ಇಲ್ಲಾ ಶುರು ಮಾಡ್ಬೇಕು ಅಂತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ದೊಡ್ಡ ಎನ್‌ಜಿಒಗಳಿಗೆ ಇದು ಬೇಕಾಗಲ್ಲ, ಅವ್ರಿಗೆ ಆಫೀಸಿದೆ, ಎಚ್‌ಆರ್ ಇದೆ.

ಏಳು ಜನರ ವಿಷ್ಯ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘ ಮಾಡೋಕೆ ಕನಿಷ್ಠ ಏಳು ಜನ ಬೇಕು. ನೋಂದಣಿ ಜಿಲ್ಲಾ ಕೇಂದ್ರದಲ್ಲಿ, ಸಹಕಾರ ಸಂಘಗಳ ಉಪ ನಿಬಂಧಕರ ಕಚೇರೀಲಿ ಆಗತ್ತೆ. ಬಹಳ ಜನ ಈ ಏಳನ್ನ ಭರ್ತಿ ಮಾಡೋದು ಹೇಗಂದ್ರೆ ಒಬ್ಬ ಮುಖಂಡ, ಅವ್ನ ಹೆಂಡ್ತಿ, ಅವ್ನ ತಮ್ಮ, ಭಾಮೈದ, ಮಿಕ್ಕಿದ್ದು ಹೇಳಿದ ಕಡೆ ಸೈನ್ ಹಾಕೋ ಮೂರು ಜನ ಸ್ನೇಹಿತ್ರು. ಕಾಗದದ ಮೇಲೆ ಸಂಘ, ನಿಜವಾಗ್ಲೂ ಅದು ಒಂದು ಮನೆ. ಮನೇಲಿ ಜಗಳ ಆದ್ರೆ ಸಂಘನೂ ಒಡೀತು ಅಂತ್ಲೇ ಲೆಕ್ಕ.

ಟ್ರಸ್ಟ್ ಮಾಡೋದು ಇನ್ನೂ ಸುಲಭ, ಇಬ್ರು ಮೂವರಿದ್ರೂ ಸಾಕು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಡೀಡ್ ನೋಂದಾಯಿಸಿದ್ರೆ ಮುಗೀತು. ಅದಕ್ಕೇ ಎಲ್ಲಾರೂ ಅತ್ಲಾಗೇ ಹೋಗ್ತಾರೆ. ನಾನು ಹೇಳೋದು, ಜನರ ನ್ಯಾಯಕ್ಕೆ ಅಂತ ಕೆಲ್ಸ ಮಾಡೋದಾದ್ರೆ ಸಂಘನೇ ಮಾಡಿ. ಟ್ರಸ್ಟ್‌ನಲ್ಲಿ ಸಾಮಾನ್ಯವಾಗಿ ಟ್ರಸ್ಟಿಗಳನ್ನ ಟ್ರಸ್ಟಿಗಳೇ ನೇಮಿಸ್ಕೊಳ್ತಾರೆ, ಸಂಘದಲ್ಲಿ ಸದಸ್ಯರಿರ್ತಾರೆ, ವರ್ಷಕ್ಕೊಂದು ಸರ್ವಸದಸ್ಯರ ಸಭೆ ಕರೀಲೇಬೇಕು, ಅಲ್ಲಿ ಕೇರಿಯ ಯಾವ ಅವ್ವ ಬೇಕಾದ್ರೂ ಎದ್ದು ನಿಂತು ಲೆಕ್ಕ ಕೇಳ್ಬಹುದು. ಆ ಭಯ ಮುಂದಾಳುಗಳಿಗೆ ಇರ್ಲೇಬೇಕು.

ಹಾಗಾದ್ರೆ ಏಳು ಜನ ಯಾರು? ನಾವು ಎರಡು ಸಲ ತಪ್ಪು ಮಾಡಿ ಮೂರನೇ ಸಲಕ್ಕೆ ಕಲ್ತಿದ್ದು ಹೇಳ್ತೀನಿ. ಒಂದು ಮನೆಯಿಂದ ಒಬ್ಬರೇ. ಅರ್ಧಕ್ಕಿಂತ ಹೆಚ್ಚು ಜನ ಆ ಕಷ್ಟ ಸ್ವತಃ ಉಂಡವ್ರೇ ಆಗಿರ್ಬೇಕು, ಪೌರಕಾರ್ಮಿಕರ ಪರ ಸಂಘ ಅಂತ ಹೇಳಿ ಸಮಿತೀಲಿ ಒಬ್ಬ ಪೌರಕಾರ್ಮಿಕನೂ ಇಲ್ಲ ಅಂದ್ರೆ ಯಾರ ಪರ ಮಾತಾಡ್ತಿದೀವಿ? ಮೂವರಾದ್ರೂ ಹೆಣ್ಮಕ್ಕಳು, ಅದ್ರಲ್ಲೂ ಪದಾಧಿಕಾರಿ ಹುದ್ದೇಲಿ ಒಬ್ಬರು, ಬರೀ ಸದಸ್ಯೆ ಅಂತ ಹೆಸ್ರು ಬರ್ಕೊಂಡ್ರೆ ಆಗಲ್ಲ. ಒಬ್ರು ಲೆಕ್ಕ ಗೊತ್ತಿರೋರು, ರಿಟೈರ್ಡ್ ಮೇಷ್ಟ್ರೋ, ಸೊಸೈಟೀಲಿ ಕ್ಲರ್ಕ್ ಆಗಿದ್ದೋರೋ ಸಿಗ್ತಾರೆ. ಯಾವ್ದೋ ಪಕ್ಷದ ಹುದ್ದೇಲಿ ಇರೋರನ್ನ ಪದಾಧಿಕಾರಿ ಮಾಡ್ಬೇಡಿ, ಸದಸ್ಯರಾಗಿರ್ಲಿ, ಬೆಂಬಲ ಕೊಡ್ಲಿ, ಆದ್ರೆ ಎಲೆಕ್ಷನ್ ಬಂದಾಗ ಸಂಘದ ಬ್ಯಾನರ್ ಯಾರ ಮನೆ ಮುಂದೆ ಕಟ್ಟಿದಾರೆ ಅಂತ ಜನ ನೋಡ್ತಾರೆ, ಒಂದ್ಸಲ ನಂಬಿಕೆ ಹೋದ್ರೆ ಹತ್ತು ವರ್ಷ ಬೇಕು ವಾಪಸ್ ತರೋಕೆ.

ದೊಡ್ಡ ಹೆಸರು ಬೇಕು, ಡಾಕ್ಟರ್ರೋ ವಕೀಲ್ರೋ ಅಧ್ಯಕ್ಷರಾದ್ರೆ ಆಫೀಸ್‌ಗಳಲ್ಲಿ ಮರ್ಯಾದೆ ಸಿಗತ್ತೆ ಅಂತ ಎಲ್ಲಾರೂ ಹೇಳ್ತಾರೆ. ಅದ್ರಲ್ಲಿ ತಪ್ಪೇನಿಲ್ಲ. ಬಾಬಾಸಾಹೇಬ್ರು 1924ರಲ್ಲಿ ಮುಂಬೈಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಅಧ್ಯಕ್ಷರು ಚಿಮನ್‌ಲಾಲ್ ಸೆಟಲ್ವಾಡ್ ಅನ್ನೋ ಹೆಸರಾಂತ ವಕೀಲ್ರು. ಬಾಬಾಸಾಹೇಬ್ರು ಕೂತಿದ್ದು ವ್ಯವಸ್ಥಾಪಕ ಮಂಡಳಿ ಚೇರ್‌ಮನ್ ಜಾಗದಲ್ಲಿ, ಅಂದ್ರೆ ಕೆಲ್ಸ ನಡೆಯೋ ಜಾಗದಲ್ಲಿ. ನನಗೆ ಇದನ್ನ ಓದ್ದಾಗ ಬಹಳ ಸಮಾಧಾನ ಆಯ್ತು. ಹೆಸರಿಗೆ ಯಾರು ಬೇಕಾದ್ರೂ ಇರ್ಲಿ, ತೀರ್ಮಾನ ತಗೊಳ್ಳೋ ಜಾಗದಲ್ಲಿ ನೊಂದ ಜನ ಇರ್ಬೇಕು, ಅದನ್ನ ಬೈಲಾದಲ್ಲೇ, ಅಂದ್ರೆ ಸಂಘದ ನಿಯಮಾವಳೀಲೇ ಬರೀಬೇಕು, ಬಾಯಿಮಾತಲ್ಲಿ ಬಿಡ್ಬಾರ್ದು.

ನಮ್ಮ ಕಡೆ ಇನ್ನೊಂದು ಪದ ಇದೆ, ಸಂಚಾಲಕ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಭದ್ರಾವತೀಲಿ ಕನ್ನಡ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವ್ರು ಮತ್ತವ್ರ ಜೊತೆಗಾರ್ರು, ಅಲ್ಲಿ ಅಧ್ಯಕ್ಷ ಅನ್ನೋ ಬದ್ಲು ಸಂಚಾಲಕ ಅಂತಿದ್ರು, ತಾಲ್ಲೂಕು ಸಂಚಾಲಕ, ಜಿಲ್ಲಾ ಸಂಚಾಲಕ, ರಾಜ್ಯ ಸಂಚಾಲಕ. ಅಧ್ಯಕ್ಷ ಅಂದ್ರೆ ಮೇಲೆ ಕೂತೋನು, ಸಂಚಾಲಕ ಅಂದ್ರೆ ನಡೆಸ್ಕೊಂಡು ಹೋಗೋನು. ಆ ಸಮಿತೀನೂ ಮುಂದೆ ಹಲವು ಬಣ ಆಗಿದ್ದು ನಮ್ಮ ತಲೆಮಾರಿನೋರೆಲ್ಲ ಕಣ್ಣಾರೆ ಕಂಡಿದೀವಿ, ಇವತ್ತಿಗೂ ಆ ಮಾತು ಬಂದ್ರೆ ಹಳಬ್ರು ಕಣ್ಣಲ್ಲಿ ನೀರು ಹಾಕ್ತಾರೆ. ಅಷ್ಟು ದೊಡ್ಡ ಚಳವಳಿಗೇ ಹಾಗಾಗಿದೆ ಅಂದ್ಮೇಲೆ ನಮ್ಮ ಏಳು ಜನರ ಸಂಘಕ್ಕೆ ಆಗಲ್ಲ ಅನ್ಕೊಬೇಡಿ. ಬೈಲಾ ಬರೆಯೋ ದಿನಾನೇ ಬರ್ದಿಡಿ: ಒಂದು ಅವಧಿ ಮೂರು ವರ್ಷ, ಒಂದೇ ಹುದ್ದೇಲಿ ಎರಡು ಅವಧಿ ಮೀರಂಗಿಲ್ಲ. ನಮ್ಮ ಬೈಲಾದಲ್ಲಿ ಇದು ಇರ್ಲಿಲ್ಲ, ಅದಕ್ಕೇ ನಾನೂ ಒಂಬತ್ತು ವರ್ಷ ಕೂತೆ, ಅದು ಸರಿಯಾಗ್ಲಿಲ್ಲ ಅಂತ ಈಗ ಅನ್ಸತ್ತೆ.

ಸಭೆ

ನಮ್ಮಲ್ಲಿ ಮೊದಮೊದ್ಲು ಸಭೆ ಹೇಗಿರ್ತಿತ್ತು ಅಂದ್ರೆ ಸಮುದಾಯ ಭವನದಲ್ಲಿ ಇರೋ ನಾಲ್ಕು ಪ್ಲಾಸ್ಟಿಕ್ ಕುರ್ಚೀಲಿ ಗಂಡಸ್ರು, ಚಾಪೆ ಮೇಲೆ ಹೆಂಗಸ್ರು. ಕುರ್ಚಿಯೋರು ಮಾತಾಡೋದು, ಚಾಪೆಯೋರು ತಲೆ ಆಡಿಸೋದು, ಕೊನೇಲಿ ನಡಾವಳಿ ಪುಸ್ತಕ ಬರತ್ತೆ, ಪುಟ ಖಾಲಿ, ಕೆಳಗೆ ಸೈನ್ ಹಾಕಿ, ಮೇಲೆ ಆಮೇಲೆ ಬರ್ಕೊತೀವಿ ಅಂತ. ಒಂದ್ಸಲ ನಮ್ಮ ಸಮಿತಿಯ ಅಕ್ಕ ಒಬ್ರು, ಪಟ್ಟಣ ಪಂಚಾಯ್ತೀಲಿ ಬೀದಿ ಗುಡಿಸೋರು, ಇಂಕ್ ಪ್ಯಾಡ್ ಮೇಲೆ ಹೆಬ್ಬೆಟ್ಟು ಒತ್ತಿ ಪುಸ್ತಕದ ಹತ್ರ ತಂದೋರು ಹಾಗೇ ಕೈ ಎತ್ತಿ ಹಿಡ್ಕೊಂಡು ಕೇಳಿದ್ರು, "ಏನ್ ಬರ್ದೈತೆ ಓದ್ರಣ್ಣ, ಆಮೇಲೆ ಒತ್ತೀನಿ" ಅಂತ. ಏನೂ ಬರ್ದಿರ್ಲಿಲ್ಲ. ಯಾರೂ ಮಾತಾಡ್ಲಿಲ್ಲ. ಅಕ್ಕ ಹೆಬ್ಬೆಟ್ಟನ್ನ ಸೆರಗಿಗೆ ಒರ್ಸ್ಕೊಂಡು ಕೂತ್ಬಿಟ್ರು. ಆವತ್ತಿಂದ ನಮ್ಮ ಸಭೆ ಬದಲಾಯ್ತು.

ಈಗ ಹೀಗೆ ಮಾಡ್ತೀವಿ, ನೀವೂ ಮಾಡಿ ನೋಡಿ. ಕುರ್ಚಿ ತೆಗೆದಿಟ್ಟು ಎಲ್ಲಾರೂ ಚಾಪೆ ಮೇಲೇನೇ ಕೂರೋದು, ಮೊಣಕಾಲು ನೋವಿರೋರಿಗೆ ಮಾತ್ರ ಕುರ್ಚಿ. ಸಭೆ ಸಂಜೆ ಆರೂವರೆಗೆ ಇಟ್ರೆ ಅಡಿಗೆ ಹೊತ್ತು, ಹೆಂಗಸ್ರು ಬರಲ್ಲ, ಬಂದ್ರೂ ಮನಸ್ಸು ಒಲೆ ಕಡೆ ಇರತ್ತೆ, ಅದಕ್ಕೆ ಭಾನುವಾರ ಮಧ್ಯಾಹ್ನ ಮೂರಕ್ಕೆ. ಸಭೆ ನೋಟಿಸ್ ಬರೀ ವಾಟ್ಸಾಪ್‌ಗೆ ಹಾಕಿ ಕೈ ತೊಳ್ಕೊಬೇಡಿ, ಫೋನ್ ಮನೇಲಿ ಗಂಡನೋ ಮಗನೋ ಇಟ್ಕೊಂಡಿರ್ತಾನೆ, ಮನೆಗೇ ಹೋಗಿ ಹೇಳಿ. ಮೊದಲ ವಿಷ್ಯ ಯಾವಾಗ್ಲೂ ಲೆಕ್ಕ. ಖಜಾಂಚಿ ನಿಂತು ಜೋರಾಗಿ ಓದ್ಬೇಕು, ಹೋದ ತಿಂಗ್ಳು ಕೈಯಲ್ಲಿ ಇಷ್ಟಿತ್ತು, ಇಷ್ಟು ಬಂತು, ಬಸ್ ಚಾರ್ಜ್ ಇಷ್ಟು, ಜೆರಾಕ್ಸ್ ಇಷ್ಟು, ಟೀ ಇಷ್ಟು, ಉಳಿದಿದ್ದು ಇಷ್ಟು. ಟೀ ದುಡ್ಡನ್ನೂ ಬಿಡ್ಬಾರ್ದು. ಓದೋಕೆ ಬರದೇ ಇರೋ ಅವ್ವಂದಿರಿಗೆ ಲೆಕ್ಕ ಕೇಳಿಸ್ಕೊಂಡು ನೆನಪಲ್ಲಿ ಇಟ್ಕೊಳ್ಳೋದು ನಮಗಿಂತ ಚೆನ್ನಾಗಿ ಬರತ್ತೆ, ಎರಡು ತಿಂಗ್ಳ ಹಿಂದಿನ ಜೆರಾಕ್ಸ್ ಖರ್ಚನ್ನ ಹೇಳಿ ಈ ಸಲ ಯಾಕೆ ಜಾಸ್ತಿ ಅಂತ ಕೇಳಿದೋರು ಇದಾರೆ. ನಡಾವಳಿ ಅಲ್ಲೇ ಬರೆದು, ಅಲ್ಲೇ ಓದಿ, ಆಮೇಲೆ ಸೈನು. ಬರೆಯೋ ಕೆಲ್ಸ ಪ್ರತಿ ತಿಂಗ್ಳು ಬೇರೆಬೇರೆಯವ್ರು ಮಾಡ್ಲಿ, ಅಕ್ಷರ ಗುಂಡಗಿಲ್ದಿದ್ರೂ ಪರ್ವಾಗಿಲ್ಲ, ತಪ್ಪಿದ್ರೂ ಪರ್ವಾಗಿಲ್ಲ, ಕಾರ್ಯದರ್ಶಿ ಕೆಲ್ಸ ಕಲಿಯೋದು ಹಂಗೇನೇ.

ವರ್ಷದ ಸರ್ವಸದಸ್ಯರ ಸಭೆ ಆದ್ಮೇಲೆ ಹದಿನಾಲ್ಕು ದಿನದೊಳಗೆ ಹೊಸ ಸಮಿತಿ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ನೋಂದಣಿ ಕಚೇರಿಗೆ ಸಲ್ಲಿಸ್ಬೇಕು. ಇದೊಂದನ್ನ ಸಣ್ಣ ಸಂಘದೋರು ಮರೆತೇಬಿಡ್ತಾರೆ, ಐದಾರು ವರ್ಷ ಆದ್ಮೇಲೆ ಯಾವ್ದೋ ಅನುದಾನಕ್ಕೆ ಅರ್ಜಿ ಹಾಕ್ದಾಗ ನವೀಕರಣ ಪತ್ರ ಕೊಡಿ ಅಂತಾರೆ, ಆಗ ಓಡಾಡ್ತಾರೆ.

ದುಡ್ಡು

ಬ್ಯಾಂಕ್ ಖಾತೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರ ಹೆಸರಲ್ಲಿ, ಮೂವರಲ್ಲಿ ಯಾರಾದ್ರೂ ಇಬ್ಬರು ಸೈನ್ ಹಾಕಿದ್ರೆ ನಡಿಯೋ ಥರ ಇರ್ಲಿ. ಇಬ್ಬರೇ ಇದ್ದು ಇಬ್ಬರೂ ಹಾಕ್ಲೇಬೇಕು ಅಂತಿದ್ರೆ ನಮಗಾದ ಗತೀನೇ ನಿಮಗೂ ಆಗತ್ತೆ. ಓಟಿಪಿಗೆ ಸಂಘದ ಹೆಸರಲ್ಲೇ ಒಂದು ಸಿಮ್ ತಗೊಳ್ಳಿ, ಸಾಮಾನ್ಯ ಕೀಪ್ಯಾಡ್ ಫೋನ್ ಸಾಕು, ಅದು ಆಫೀಸ್ ಬೀರುವಲ್ಲಿ ಇರ್ಲಿ, ಬೀರು ಕೀ ಎರಡು, ಒಂದು ಕಾರ್ಯದರ್ಶಿ ಹತ್ರ, ಇನ್ನೊಂದು ಪದಾಧಿಕಾರಿ ಅಲ್ಲದ ಸಮಿತಿ ಸದಸ್ಯೆ ಒಬ್ಬರ ಹತ್ರ. ಆಡಿಟರ್ ತನ್ನ ನಂಬರ್ರೇ ಪೋರ್ಟಲ್‌ಗೆ ಕೊಡ್ತೀನಿ ಅಂತಾರೆ, ಬೇಡ ಅನ್ನಿ.

ಟ್ಯಾಕ್ಸ್ ವಿಷ್ಯ ಬೇಗ ಹೇಳಿ ಮುಗಿಸ್ತೀನಿ, ವಿವರ ನಿಮ್ಮ ಆಡಿಟರ್ ಹತ್ರ ಕೇಳಿ. ಎಲ್ಲಾರೂ 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯ್ತಿ), 80ಜಿ (ದಾನ ಕೊಟ್ಟೋರಿಗೆ ತೆರಿಗೆ ರಿಯಾಯ್ತಿ) ಅಂತ ಕರೆಯೋ ನೋಂದಣಿಗಳು ಬೇಕು, ಹೊಸ ಸಂಘಕ್ಕೆ ಮೊದ್ಲು ಸಿಗೋದು 3 ವರ್ಷದ ತಾತ್ಕಾಲಿಕ ನೋಂದಣಿ, ಅದು ಮುಗಿಯೋಕೆ ಕನಿಷ್ಠ ಆರು ತಿಂಗ್ಳು ಮುಂಚೆ, ಇಲ್ಲಾ ಕೆಲ್ಸ ಶುರುವಾದ ಆರು ತಿಂಗ್ಳೊಳಗೆ, ಯಾವ್ದು ಮೊದ್ಲು ಬರತ್ತೋ ಅಷ್ಟ್ರೊಳಗೆ ಮತ್ತೆ ಅರ್ಜಿ ಹಾಕ್ಬೇಕು, ಅದ್ರ ತಾರೀಖನ್ನ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಲ್ಲಿ ಬರೀರಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್‌ನಿಂದ ಜಾರಿ, ಕಲಂ ನಂಬರ್ ಎಲ್ಲ ಬದಲಾಗಿವೆ, ಹಳೇ ನಂಬರ್ ಹಿಡ್ಕೊಂಡು ಪರದಾಡ್ಬೇಡಿ. ದಾನ ಕೊಟ್ಟೋರಿಗೆ ತೆರಿಗೆ ರಿಯಾಯ್ತಿ ಬೇಕಂದ್ರೆ ನಗದಲ್ಲಿ 2000 ರೂಪಾಯಿಗಿಂತ ಜಾಸ್ತಿ ಕೊಟ್ಟಿದ್ದು ಲೆಕ್ಕಕ್ಕೆ ಬರಲ್ಲ, ಬ್ಯಾಂಕ್ ಮೂಲಕನೇ ತಗೊಳ್ಳಿ. ದಾನಿಗಳ ಪಟ್ಟಿ ಪ್ರತಿ ವರ್ಷ ಮೇ 31ರೊಳಗೆ ಪೋರ್ಟಲ್‌ಗೆ ಹಾಕ್ಬೇಕು.

ವಿದೇಶದ ದುಡ್ಡಿನ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ನಮ್ಮೂರ ಹುಡುಗ್ರು ದುಬೈಲಿ, ಅಮೆರಿಕಾದಲ್ಲಿ ಇದಾರೆ, ಪ್ರೀತಿಯಿಂದ ಕಳಿಸ್ತೀನಿ ಅಂತಾರೆ. ಎಫ್‌ಸಿಆರ್‌ಎ ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅದ್ರ ಅನುಮತಿ ಇಲ್ಲದೆ ವಿದೇಶಿ ದೇಣಿಗೆ ಒಂದು ರೂಪಾಯಿನೂ ಮುಟ್ಟಂಗಿಲ್ಲ. ದುಬೈಲಿರೋ ಹುಡುಗ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿದ್ರೆ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ. ಆದ್ರೆ ಅಮೆರಿಕಾದ ಪೌರತ್ವ ತಗೊಂಡಿರೋ ಅಣ್ಣ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಓಸಿಐ ಕಾರ್ಡ್ ಇದ್ರೂ, ಕಾನೂನಿನ ಲೆಕ್ಕದಲ್ಲಿ ವಿದೇಶಿ ಮೂಲ. ಅವ್ನು ಇದೇ ಕೇರೀಲಿ ಹುಟ್ಟಿದೋನು, ಅವ್ನ ಅವ್ವ ಇಲ್ಲೇ ಇದಾಳೆ ಅಂದ್ರೂ ಅಷ್ಟೇ. ಅವ್ನಿಗೆ ಬೇಜಾರಾಗತ್ತೆ, ಕೂರಿಸ್ಕೊಂಡು ತಿಳಿಸಿ ಹೇಳಿ, ಆದ್ರೆ ತಗೋಬೇಡಿ. ಎಫ್‌ಸಿಆರ್‌ಎ ನೋಂದಣಿ ಬೇಕಂದ್ರೆ ಸಂಘಕ್ಕೆ 3 ವರ್ಷ ತುಂಬಿರ್ಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರ್ಬೇಕು, ನಮ್ಮಂಥ ಸಂಘಕ್ಕೆ ಅದು ದೂರದ ಮಾತು.

ಇನ್ನು ಮುಂದಾಳುಗಳಿಗೆ ಸಂಬಳ ಕೊಡ್ಬೇಕಾ ಬೇಡ್ವಾ. ಸೇವೆ ಅಂದ್ಮೇಲೆ ದುಡ್ಡು ಯಾಕೆ ಅಂತಾರೆ. ನಾನು ಒಪ್ಪಲ್ಲ. ಪೂರ್ತಿ ದಿನ ಓಡಾಡೋ ಕಾರ್ಯದರ್ಶಿಗೆ ಗೌರವಧನ ಕೊಡ್ಲಿಲ್ಲ ಅಂದ್ರೆ ಜಮೀನು ಇರೋನು, ಪೆನ್ಷನ್ ಬರೋನು ಮಾತ್ರ ಮುಂದಾಳು ಆಗೋಕೆ ಸಾಧ್ಯ, ಕೂಲಿ ಮಾಡೋ ಹೆಣ್ಮಗಳು ಯಾವತ್ತೂ ಆಗಲ್ಲ. ಒಂದು ದಿನ ಡಿಸಿ ಆಫೀಸಿಗೆ ಹೋದ್ರೆ ಅವಳ ಒಂದು ದಿನದ ಕೂಲಿ ಹೋಯ್ತು. ಆದ್ರೆ ಬೈಲಾದಲ್ಲಿ ಅವಕಾಶ ಇರ್ಬೇಕು, ಎಷ್ಟು ಅಂತ ಸಭೇಲಿ ನಿರ್ಣಯ ಆಗ್ಬೇಕು, ಮಾಡೋ ಕೆಲ್ಸಕ್ಕೆ ತಕ್ಕಷ್ಟೇ ಇರ್ಬೇಕು, ಪದಾಧಿಕಾರಿಗಳಿಗೆ ಮಿತಿ ಮೀರಿ ಲಾಭ ಆದ್ರೆ ತೆರಿಗೆ ವಿನಾಯ್ತಿಗೇ ಕುತ್ತು ಬರತ್ತೆ. ಮತ್ತೆ ಆ ಮೊತ್ತ ಪ್ರತಿ ತಿಂಗ್ಳು ಲೆಕ್ಕದ ಜೊತೆ ಜೋರಾಗಿ ಓದ್ಬೇಕು.

ಕೇಸ್ ಬಂದಾಗ

ಜಾತಿ ದೌರ್ಜನ್ಯದ ಕೇಸ್ ಬಂದಾಗ ಎಲ್ಲಾ ಮುಂದಾಳುಗಳೂ ಸ್ಟೇಷನ್‌ಗೆ ಓಡ್ತಾರೆ, ನೊಂದ ಮನೇಲಿ ಯಾರೂ ಇರಲ್ಲ. ನಾವು ಮೂರು ಪಾಲು ಮಾಡ್ಕೊಂಡಿದೀವಿ. ಒಬ್ರು, ಸಾಮಾನ್ಯವಾಗಿ ಅಕ್ಕಂದಿರಲ್ಲೇ ಒಬ್ರು, ಮನೆಯವ್ರ ಜೊತೆ ಕೂರ್ಬೇಕು, ಅವ್ರಿಗೆ ಊಟ ಆಯ್ತಾ, ಮಕ್ಕಳು ಎಲ್ಲಿದಾರೆ, ರಾತ್ರಿ ಬೆದರಿಕೆ ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತೆಲ್ಲ. ಇನ್ನೊಬ್ರು ದೂರು ಬರೆಯೋಕೆ, ಅವ್ರು ಹೇಳಿದ ಮಾತಲ್ಲೇ, ಬೈದ ಬೈಗುಳ ಏನಿತ್ತೋ ಹಾಗೇ, ಯಾರ್ಯಾರು ಅಲ್ಲಿದ್ರು ಅಂತ ಸಮೇತ. ಮೂರನೆಯವ್ರು ಅಧಿಕಾರಿಗಳ ಬೆನ್ನು ಹತ್ತೋಕೆ. ಪರಿಶಿಷ್ಟ ಜಾತಿ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ಕ್ಕೆ 2018ರಲ್ಲಿ ಬಂದ ತಿದ್ದುಪಡಿ ಪ್ರಕಾರ ಎಫ್‌ಐಆರ್ ಹಾಕೋಕೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ, ಸ್ಟೇಷನ್‌ನಲ್ಲಿ "ವಿಚಾರ್ಸಿ ನೋಡೋಣ, ನಾಳೆ ಬನ್ನಿ" ಅಂದ್ರೆ ಇದನ್ನ ಶಾಂತವಾಗಿ ಹೇಳಿ. ತನಿಖೆ ಮಾಡೋದು ಡಿವೈಎಸ್‌ಪಿ ದರ್ಜೆ ಅಧಿಕಾರಿ, 60 ದಿನದಲ್ಲಿ ಚಾರ್ಜ್‌ಶೀಟ್ ಆಗ್ಬೇಕು. ಪರಿಹಾರದ ಹಣಕ್ಕೆ ಸಮಾಜ ಕಲ್ಯಾಣ ಇಲಾಖೆ. ಡಿಸಿ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗ್ಳಿಗೊಮ್ಮೆ ಸೇರ್ಬೇಕು, ಸೇರ್ತಾ ಇದ್ಯಾ ಅಂತ ಆರ್‌ಟಿಐ ಹಾಕಿ ಕೇಳಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಇದ್ರೆ ಅದೂ ಇಲ್ಲ, ಮತ್ತೆ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷ್ಯ, 150 ಪದದೊಳಗೆ, ಉದ್ದ ಬರೆದು ವಾಪಸ್ ಬಂದಿರೋ ಅರ್ಜಿಗಳು ನಮ್ಮ ಬೀರುವಲ್ಲಿ ಒಂದು ಕಟ್ಟೇ ಇವೆ. ವಕೀಲ್ರಿಗೆ ದುಡ್ಡಿಲ್ಲ ಅಂದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿ, ಸಹಾಯವಾಣಿ 15100, ಎಸ್‌ಸಿ ಎಸ್‌ಟಿಯೋರಿಗೆ, ಹೆಣ್ಮಕ್ಕಳಿಗೆ ಆದಾಯ ನೋಡದೇ ಉಚಿತ.

ರಾಜಿ ಮಾಡ್ಸಿ ಅಂತ ಊರಿನ ದೊಡ್ಡೋರು ಮುಂದಾಳುಗಳ ಮನೆಗೇ ಬರ್ತಾರೆ. ಒಬ್ಬರೇ ಇದ್ದಾಗ ಮಾತಾಡ್ಬೇಡಿ. "ಸಮಿತಿ ಮುಂದೆ ಬನ್ನಿ ಅಣ್ಣ, ನೊಂದವ್ರೂ ಅಲ್ಲೇ ಇರ್ತಾರೆ" ಅನ್ನಿ, ಅರ್ಧ ಜನ ಅಷ್ಟಕ್ಕೇ ವಾಪಸ್ ಹೋಗ್ತಾರೆ.

ನಮ್ಮೊಳಗೇ ತಪ್ಪಾದ್ರೆ ಅನ್ನೋದನ್ನೂ ಹೇಳ್ಬೇಕು. ಸಂಘದ ಯಾವ್ದೋ ಅಣ್ಣ ಕೆಲ್ಸ ಮಾಡೋ ಹುಡುಗಿ ಜೊತೆ ಕೆಟ್ಟದಾಗಿ ನಡ್ಕೊಂಡ್ರೆ "ಚಳವಳಿಗೆ ಕೆಟ್ಟ ಹೆಸ್ರು ಬರತ್ತೆ" ಅಂತ ಮುಚ್ಚಾಕೋದು ನಾನು ನೋಡಿದೀನಿ, ಆ ಹುಡುಗಿ ಮತ್ತೆ ಯಾವ ಸಂಘಕ್ಕೂ ಕಾಲಿಡ್ಲಿಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲ್ಸ ಮಾಡೋ ಕಡೆ, ಕೆಲ್ಸದ ಜಾಗದಲ್ಲಿ ಹೆಣ್ಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ, ದೂರು ವಿಚಾರಿಸೋ ಆಂತರಿಕ ಸಮಿತಿ ಇರ್ಲೇಬೇಕು. ಅದಕ್ಕಿಂತ ಕಮ್ಮಿ ಇದ್ರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡ್ಬಹುದು, ಮೂರು ತಿಂಗ್ಳೊಳಗೆ. ಆ ವಿಳಾಸ ಬರೆದು ಆಫೀಸ್ ಗೋಡೆಗೆ ಅಂಟಿಸಿ, ಯಾರನ್ನೂ ಕೇಳೋ ಪರಿಸ್ಥಿತಿ ಬರ್ಬಾರ್ದು.

ಬಿಟ್ಕೊಡೋದು

ಹುದ್ದೆ ಬಿಡೋ ದಿನಕ್ಕೆ ಒಂದು ವರ್ಷ ಮುಂಚೆನೇ ಮುಂದೆ ಯಾರು ಅಂತ ಸಮಿತೀಲಿ ಮಾತಾಡಿ. ಆ ವರ್ಷ ಪೂರ್ತಿ ಅವ್ರು ನಿಮ್ಮ ಜೊತೆ ಬರ್ಲಿ, ಮೊದಲ ಮೂರು ತಿಂಗ್ಳು ನೀವು ಮಾತಾಡಿ ಅವ್ರು ಕೇಳ್ಲಿ, ಆಮೇಲೆ ಅವ್ರು ಮಾತಾಡ್ಲಿ ನೀವು ಪಕ್ಕದಲ್ಲಿ ಸುಮ್ನಿರಿ. ಸುಮ್ನಿರೋದು ಬಹಳ ಕಷ್ಟ. ತಹಶೀಲ್ದಾರ್ ನನ್ನ ಕಡೆನೇ ನೋಡಿ ಮಾತಾಡ್ತಿದ್ರು, ನಾನು ಪಕ್ಕದ ಅಕ್ಕನ ಕಡೆ ತಿರುಗಿ "ಮೇಡಂ ಹೇಳ್ತಾರೆ ಸರ್" ಅಂತಿದ್ದೆ. ಆ ಅಕ್ಕ ಯಾರು ಅಂದ್ರೆ ಆವತ್ತು ಹೆಬ್ಬೆಟ್ಟು ಒರ್ಸ್ಕೊಂಡೋರ ಸೊಸೆ, ಪಿಯುಸಿ ಓದಿದಾರೆ. ನಾಲ್ಕನೇ ಸಲಕ್ಕೆ ತಹಶೀಲ್ದಾರ್ ನೇರವಾಗಿ ಅವ್ರ ಹತ್ರನೇ ಮಾತಾಡಿದ್ರು.

ಹಸ್ತಾಂತರದ ದಿನ ಸಮಿತಿ ಎದುರಿಗೇ ಬೀರು ತೆಗೆದು ಒಂದೊಂದಾಗಿ ಹೊರಗಿಡಿ: ನೋಂದಣಿ ಪತ್ರ, ಬೈಲಾ, ಪ್ಯಾನ್, ನಡಾವಳಿ ಪುಸ್ತಕ, ಕಾರ್ಬನ್ ಇರೋ ರಸೀದಿ ಪುಸ್ತಕಗಳು ಬಳ್ಸಿದ್ದು ಬಳಸದೇ ಇರೋದು ಎರಡೂ, ಚೆಕ್ ಬುಕ್, ಸಂಘದ ಸೀಲು, ಫೋನು, ಪಾಸ್‌ವರ್ಡ್ ಬರೆದ ಪುಸ್ತಕ, ನಡೀತಿರೋ ಒಂದೊಂದು ಕೇಸಿಗೂ ಒಂದೊಂದು ಫೈಲು, ಫೈಲ್ ಮೇಲೆ ಮುಂದಿನ ತಾರೀಖು. ಪಟ್ಟಿ ಮಾಡಿ ಇಬ್ಬರೂ ಸೈನ್ ಹಾಕಿ. ಬ್ಯಾಂಕಿಗೆ ಸಹಿ ಬದಲಾವಣೆ ನಿರ್ಣಯದ ಪ್ರತಿ ಮಾರನೇ ದಿನಾನೇ ಕೊಡಿ, ಅವ್ರು ಕೆವೈಸಿ ಅಂತ ವಾರಗಟ್ಲೆ ಎಳೀತಾರೆ, ಅಲ್ಲೀವರ್ಗೂ ಹಳೇ ಸಹಿನೇ ನಡಿಯತ್ತೆ, ಅದಕ್ಕೆ ಯಾರೂ ಮುನಿಸ್ಕೊಂಡು ಊರು ಬಿಡ್ಬೇಡಿ.

ಜನ ಮಾತ್ರ ಇನ್ನೂ ನನಗೇ ಫೋನ್ ಮಾಡ್ತಾರೆ, ರೇಷನ್ ಕಾರ್ಡ್ ನಿಂತಿದೆ, ಪೆನ್ಷನ್ ಬಂದಿಲ್ಲ ಅಂತ. ಮೊದ್ಲೆಲ್ಲ ಆಯ್ತು ನೋಡ್ತೀನಿ ಅಂದ್ಬಿಡ್ತಿದ್ದೆ. ಈಗ ಅಕ್ಕನ ನಂಬರ್ ಹೇಳಿ, ಅವ್ರು ಬರ್ಕೊಳ್ಳೋವರ್ಗೂ ಕಾದು, ಇನ್ನೊಂದ್ಸಲ ಓದಿ ಹೇಳಿಸ್ಕೊಂಡು ಆಮೇಲೆ ಇಡ್ತೀನಿ.